ಬರೀ ಸಂಭವನೀಯತೆಯಿಂದ ಭೌತನಿಯಮ ಹುಟ್ಟುತ್ತಾ?

ಫಿಸಿಕ್ಸ್ ಬಗ್ಗೆ ಏನೇ ಬರೆದರೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: ಪ್ರಕೃತಿಯ ನಿಯಮಗಳೆಲ್ಲ ಬರೀ ಮಾಹಿತಿ ಮತ್ತು ಸಂಭವನೀಯತೆಯಿಂದಲೇ ಬರಬಹುದಾ? ಅರ್ಧ ದಾರಿ ಬರುತ್ತವೆ, ಪೂರ್ತಿ ಬರುವುದಿಲ್ಲ ಅನ್ನುವುದು ನನ್ನ ಉತ್ತರ.

ಒಂದು ಡಬ್ಬಿಯಲ್ಲಿ 100 ಅಣುಗಳು ಸುಮ್ನೆ ಓಡಾಡುತ್ತಿವೆ ಅನ್ನಿ. ಅಷ್ಟೂ ಒಟ್ಟಿಗೆ ಎಡಗಡೆಯ ಅರ್ಧದಲ್ಲೇ ಸಿಗುವ ಸಾಧ್ಯತೆ ಎಷ್ಟು? 1ರ ಮುಂದೆ 30 ಸೊನ್ನೆ ಬರೆದರೆ ಆಗುವ ಸಂಖ್ಯೆಯಲ್ಲಿ ಒಂದು ಪಾಲೂ ಇಲ್ಲ. ಅನಿಲ ಹರಡಿಕೊಳ್ಳಬೇಕು ಅಂತ ಯಾರೂ ಅಪ್ಪಣೆ ಕೊಟ್ಟಿಲ್ಲ. ಹರಡಿಕೊಂಡ ಸ್ಥಿತಿಗಳೇ ಜಾಸ್ತಿ, ಅಷ್ಟೇ. ಒಂದು ವ್ಯವಸ್ಥೆ ಎಷ್ಟು ರೀತಿಯಲ್ಲಿ ಇರಬಹುದು ಅನ್ನುವುದರ ಅಳತೆಗೆ ಎಂಟ್ರೊಪಿ ಅನ್ನುತ್ತಾರೆ. ಅದನ್ನು ಹೀಗೆ ಎಣಿಕೆಗೆ ಇಳಿಸಿದವರು ಭೌತವಿಜ್ಞಾನಿ ಬೋಲ್ಟ್ಸ್‌ಮನ್. 1957ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಜೇನ್ಸ್ ಇನ್ನೂ ಮುಂದೆ ಹೋದರು. ಗೊತ್ತಿರುವಷ್ಟನ್ನೇ ಹಿಡಿದು, ಗೊತ್ತಿಲ್ಲದ್ದರಲ್ಲಿ ಯಾವ ಕಡೆಗೂ ವಾಲದೆ ಲೆಕ್ಕ ಹಾಕಿದರೆ ಉಷ್ಣದ ಸೂತ್ರಗಳು ಸಿಗುತ್ತವೆ ಎಂದು ತೋರಿಸಿದರು.

ಸರಿ, ಎಣಿಸೋಣ. ಆದರೆ ಏನನ್ನು?

ಎರಡು ನಾಣ್ಯ ಚಿಮ್ಮಿ. ಸಾಧ್ಯತೆಗಳು 4, ಎರಡೂ ಹೆಡ್ ಬೀಳುವುದು ನಾಲ್ಕರಲ್ಲಿ ಒಂದು ಸಲ. 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು, ಅಂದರೆ ಫೋಟಾನ್‌ಗಳನ್ನು, ಬೇರೆ ಥರ ಎಣಿಸಿದರು. ಈ ಫೋಟಾನ್ ಮೊದಲನೆಯದು, ಆ ಫೋಟಾನ್ ಎರಡನೆಯದು ಅನ್ನುವ ಗುರುತೇ ಇಲ್ಲ. ಹಾಗಾಗಿ ಹೆಡ್-ಟೇಲ್, ಟೇಲ್-ಹೆಡ್ ಎರಡೂ ಒಂದೇ ಲೆಕ್ಕ. ಸಾಧ್ಯತೆಗಳು 3, ಮೂರಕ್ಕೂ ಸಮಪಾಲು. ಇಷ್ಟು ಬದಲಾಯಿಸಿದ್ದಕ್ಕೆ ಬಿಸಿ ವಸ್ತು ಯಾವ ಬಣ್ಣದ ಬೆಳಕನ್ನು ಎಷ್ಟು ಸೂಸುತ್ತದೆ ಎಂದು ಹೇಳುವ ಪ್ಲಾಂಕ್‌ನ ವಿಕಿರಣ ಸೂತ್ರ ಸಲೀಸಾಗಿ ಬಂತು. ಲೇಖನವನ್ನು ಐನ್‌ಸ್ಟೈನ್‌ಗೆ ಕಳಿಸಿದರು. ಅವರು ತಾವೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು.

ಎಲೆಕ್ಟ್ರಾನ್‌ಗಳದ್ದು ಇನ್ನೊಂದು ಕಥೆ. ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಇರುವಂತಿಲ್ಲ. ಒಂದು ಹೆಡ್, ಒಂದು ಟೇಲ್. ಸಾಧ್ಯತೆ 1 ಮಾತ್ರ.

4, 3, 1. ಗಣಿತಕ್ಕೆ ಮೂರೂ ಒಪ್ಪಿಗೆ. ಯಾವ ಕಣಕ್ಕೆ ಯಾವ ಎಣಿಕೆ ಅನ್ನುವುದನ್ನು ಸಂಭವನೀಯತೆ ಹೇಳುವುದಿಲ್ಲ. ಕಣದ ಸ್ಪಿನ್ (ಅದಕ್ಕೆ ಹುಟ್ಟಿನಿಂದಲೇ ಇರುವ, ತಿರುಗುವಿಕೆಯಂಥ ಒಂದು ಗುಣ) ಹೇಳುತ್ತದಲ್ವಾ ಅಂತ ತಿಳಿದವರು ಕೇಳಬಹುದು. ಹೌದು, ಆದರೆ ಅದನ್ನು ಗಣಿತದಿಂದ ಸಾಧಿಸಿ ತೋರಿಸಲು ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತ ಬೇಕು. ಅಂದರೆ ಒಂದು ಭೌತನಿಯಮವನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಂಡ ಹಾಗಾಯಿತು.

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಗುರುತ್ವಾಕರ್ಷಣೆಯನ್ನೂ ಎಳೆದು ತರುತ್ತಾರೆ. 1995ರಲ್ಲಿ ಭೌತವಿಜ್ಞಾನಿ ಟೆಡ್ ಜೇಕಬ್ಸನ್ ಉಷ್ಣ ಮತ್ತು ಎಂಟ್ರೊಪಿಯ ಸಂಬಂಧದಿಂದಲೇ ಗುರುತ್ವಾಕರ್ಷಣೆಯ ಐನ್‌ಸ್ಟೈನ್ ಸಮೀಕರಣ ಪಡೆದರು ನಿಜ. ನಿಜಕ್ಕೂ ಸೊಗಸಾದ ಕೆಲಸ. ಆದರೆ ಎಂಟ್ರೊಪಿ ದಿಗಂತದ (ಅದರಾಚೆಯಿಂದ ಬೆಳಕೂ ನಮ್ಮನ್ನು ಮುಟ್ಟದ ಗಡಿಯ) ವಿಸ್ತೀರ್ಣಕ್ಕೆ ತಕ್ಕಷ್ಟಿರುತ್ತದೆ ಎಂದು ಅವರು ಮೊದಲೇ ಇಟ್ಟುಕೊಂಡಿದ್ದರು. ವಿಸ್ತೀರ್ಣದ ಬದಲು ಘನಗಾತ್ರಕ್ಕೆ ತಕ್ಕಷ್ಟು ಎಂದಿದ್ದರೆ ಆ ಸಮೀಕರಣ ಸಿಗುತ್ತಿರಲಿಲ್ಲ.