ಯಾರಾದರೂ ಸರಿ, ಕ್ಯಾವಿಲ್ ಬೇಡ

29 ಜೂನ್ 2025, ಭಾನುವಾರ

ಮುಂದಿನ ಜೇಮ್ಸ್ ಬಾಂಡ್ ಸಿನಿಮಾಕ್ಕೆ ಡೆನಿಸ್ ವಿಲೆನ್ಯೂವ್ ನಿರ್ದೇಶಕ ಅಂತ ಈ ವಾರ ಅಮೆಜಾನ್ ಹೇಳಿದ್ದೇ ತಡ, ಹಳೇ ಜಗಳ ಮತ್ತೆ ಶುರುವಾಗಿದೆ. ನಿರ್ದೇಶಕರೇನೋ ಸಿಕ್ಕರು, ಬಾಂಡ್ ಎಲ್ಲಿ? ಸುದ್ದಿಯಲ್ಲಿ ಟಾಮ್ ಹಾಲಂಡ್, ಜೇಕಬ್ ಎಲೋರ್ಡಿ, ಹ್ಯಾರಿಸ್ ಡಿಕಿನ್ಸನ್ ಹೆಸರು ಓಡಾಡುತ್ತಿವೆ. ಮೂವರಿಗೂ ಇನ್ನೂ 30 ಆಗಿಲ್ಲ. ಅಭಿಮಾನಿಗಳ ಪಟ್ಟಿಯೇ ಬೇರೆ. ಅದರಲ್ಲಿ ಸೂಪರ್‌ಮ್ಯಾನ್ ಆಗಿದ್ದ ಹೆನ್ರಿ ಕ್ಯಾವಿಲ್ ಮೊದಲು. ಆಮೇಲೆ ಆರನ್ ಟೇಲರ್-ಜಾನ್ಸನ್, ಥಿಯೋ ಜೇಮ್ಸ್, ಇದ್ರಿಸ್ ಎಲ್ಬಾ. ನಮ್ಮವರು ನಾಲ್ಕು ಜನ ಸೇರಿದ ಕಡೆ ದೇವ್ ಪಟೇಲ್ ಹೆಸರೂ ಬರುತ್ತದೆ. ಲಂಡನ್ನಿನಲ್ಲೇ ಹುಟ್ಟಿದವನು, ಯಾಕಾಗಬಾರದು ಅಂತ.

ನಮ್ಮ ಮನೆಯಲ್ಲಿ ಇವತ್ತು ಊಟಕ್ಕೆ ಕೂತಾಗ ಶುರುವಾದದ್ದು ಸಂಜೆ ಚಹಾದ ತನಕ ಮುಗಿಯಲಿಲ್ಲ. ಹೊನ್ನಾವರದಿಂದ ಬಂದಿರುವ ಚಿಕ್ಕಪ್ಪನಿಗೆ ರೋಜರ್ ಮೂರ್ ಬಿಟ್ಟರೆ ಬೇರೆ ಬಾಂಡ್ ಇಲ್ಲ. ತಮ್ಮ ಕ್ಯಾವಿಲ್ ಪಕ್ಷ. ತಂಗಿಯ ಮಗಳು ಡಿಕಿನ್ಸನ್ ಪಕ್ಷ. ನನ್ನದು ಯಾರ ಪಕ್ಷವೂ ಅಲ್ಲ, ಕ್ಯಾವಿಲ್ ವಿರೋಧ ಪಕ್ಷ.

"ನೋಡೋಕೆ ಬಾಂಡ್ ಥರಾನೇ ಇದ್ದಾನಲ್ಲ ಅಕ್ಕಾ, ಇನ್ನೇನು ಬೇಕು?" ಇದು ತಮ್ಮನ ವಾದ. ಇಷ್ಟೇ ಅವನ ವಾದ. ಫೆಬ್ರವರಿಯಲ್ಲಿ, ಮೊದಲಿಂದ ಬಾಂಡ್ ಸಿನಿಮಾ ನಿರ್ಮಿಸುತ್ತಾ ಬಂದ ಬ್ರಾಕಲಿ ಕುಟುಂಬದವರು ಅವುಗಳ ಹಿಡಿತವನ್ನು ಅಮೆಜಾನ್‌ಗೆ ಬಿಟ್ಟುಕೊಟ್ಟರು. ಆಗ ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್, ನೀವಾದರೆ ಯಾರನ್ನು ಆರಿಸುತ್ತೀರಿ ಅಂತ ಎಕ್ಸ್‌ನಲ್ಲಿ ಜನರನ್ನೇ ಕೇಳಿದ್ದರು. ಅಲ್ಲೂ ಕ್ಯಾವಿಲ್ ಹೆಸರೇ ಜೋರಾಗಿ ಕೇಳಿಬಂತು. ಆತ 2005ರಲ್ಲೇ ಆಡಿಷನ್ ಕೊಟ್ಟಿದ್ದ. ಆಗ 22 ವರ್ಷ, ತೀರಾ ಎಳಸು ಅಂತ ಬಿಟ್ಟರು. ಈಗ 42. ಸಿನಿಮಾ ತೆರೆಗೆ ಬರೋಕೆ ಇನ್ನೆರಡು ಮೂರು ವರ್ಷ ಬೇಕೇ ಬೇಕು. ಹಿಂದಿನ ಬಾಂಡ್ ಡೇನಿಯಲ್ ಕ್ರೇಗ್ ಐದು ಸಿನಿಮಾ ಮುಗಿಸೋಕೆ 2006ರಿಂದ 2021ರವರೆಗೆ 15 ವರ್ಷ ಹಿಡಿಯಿತು. ಅದೇ ಲೆಕ್ಕ ಹಾಕಿದರೆ ಐದನೇ ಸಿನಿಮಾದ ಹೊತ್ತಿಗೆ ಕ್ಯಾವಿಲ್‌ಗೆ 60 ಆಗಿರುತ್ತದೆ.

"ರೋಜರ್ ಮೂರ್ 57ರಲ್ಲಿ ಮಾಡಲಿಲ್ವಾ?" ಅಂದರು ಚಿಕ್ಕಪ್ಪ.

ಮಾಡಿದ್ದಾರೆ, 1985ರಲ್ಲಿ. ಆ ಸಿನಿಮಾ ನಾನೂ ನೋಡಿದ್ದೇನೆ. ಓಡುವ ಕಡೆಯೆಲ್ಲ ಡ್ಯೂಪ್. ಅದನ್ನು ಹೇಳಿದ್ದಕ್ಕೆ ಚಿಕ್ಕಪ್ಪ ಸ್ವಲ್ಪ ಹೊತ್ತು ನನ್ನ ಜೊತೆ ಮಾತಾಡಲಿಲ್ಲ.

ವಯಸ್ಸು ಒಂದು ಕಡೆ ಇರಲಿ. ನನ್ನ ತಕರಾರು ಬೇರೆ. ಜನ ಕೇಳಿದ ಮುಖವನ್ನು ತಂದು ನಿಲ್ಲಿಸಿದಾಗ ಬಾಂಡ್ ಸರಣಿ ಆರಾಮಾಗಿ ನಡೆದಿದೆ ಅಷ್ಟೇ. ಅದು ಜಿಗಿದದ್ದು ಯಾರೂ ಕೇಳದ ಮುಖ ಬಂದಾಗ. ಸಿನಿಮಾದ ಮೊದಲ ಬಾಂಡ್ ಶಾನ್ ಕಾನರಿಯನ್ನೇ ನೋಡಿ. ಎಡಿನ್‌ಬರೋದಲ್ಲಿ ಮನೆ ಮನೆಗೆ ಹಾಲು ಹಾಕುತ್ತಿದ್ದ ಹುಡುಗ. ಬಾಡಿ ಬಿಲ್ಡಿಂಗ್ ಮಾಡಿ, ಚಿಕ್ಕಪುಟ್ಟ ಪಾತ್ರ ಮಾಡಿಕೊಂಡು ಮೇಲೆ ಬಂದವನು. ಬಾಂಡ್ ಪಾತ್ರ ಸೃಷ್ಟಿಸಿದ ಇಯಾನ್ ಫ್ಲೆಮಿಂಗ್‌ಗೇ ಈ ಆಯ್ಕೆ ಒಪ್ಪಿಗೆ ಇರಲಿಲ್ಲ. ನಿರ್ದೇಶಕ ಟೆರೆನ್ಸ್ ಯಂಗ್ ಅವನನ್ನು ತನ್ನ ದರ್ಜಿಯ ಹತ್ತಿರ ಕರೆದುಕೊಂಡು ಹೋಗಿ ಸೂಟು ಹೊಲಿಸಿದರು. ಮೈಗೆ ಒಗ್ಗಲಿ ಅಂತ ಅದನ್ನು ಹಾಕಿಕೊಂಡೇ ಮಲಗು ಅಂದರಂತೆ. 1962ರಲ್ಲಿ ಮೊದಲ ಸಿನಿಮಾ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಫ್ಲೆಮಿಂಗ್ ತಮ್ಮ ಹೊಸ ಕಾದಂಬರಿಯಲ್ಲಿ ಬಾಂಡ್‌ನ ಅಪ್ಪನನ್ನು ಸ್ಕಾಟ್ಲೆಂಡಿನವನನ್ನಾಗಿ ಮಾಡಿದರು. ನಟನನ್ನು ನೋಡಿ ಪಾತ್ರದ ಕುಲಗೋತ್ರ ಬರೆದರು!

ಕ್ರೇಗ್ ಕಥೆಯಂತೂ ನಾವೆಲ್ಲ ಕಣ್ಣಾರೆ ಕಂಡದ್ದು. 2005ರ ಅಕ್ಟೋಬರ್ 14ರಂದು ಹೆಸರು ಹೇಳಿದರು. (ಅವತ್ತು ರೋಜರ್ ಮೂರ್ ಹುಟ್ಟುಹಬ್ಬ. ಇದನ್ನು ಹೇಳಿದ್ದು ಚಿಕ್ಕಪ್ಪ, ಮತ್ತೆ ಯಾರು.) ಥೇಮ್ಸ್ ನದಿಯಲ್ಲಿ ನೌಕಾಪಡೆಯ ಸ್ಪೀಡ್‌ಬೋಟಿನಲ್ಲಿ ಕರೆತಂದರು. ಸೂಟಿನ ಮೇಲೆ ಲೈಫ್ ಜಾಕೆಟ್ ಹಾಕಿಸಿದ್ದರು. ಅಷ್ಟು ಸಾಕಾಯಿತು. ಬಾಂಡ್‌ಗೆ ಲೈಫ್ ಜಾಕೆಟ್ಟಾ? ಕೂದಲು ಹೊಂಬಣ್ಣ, ಎತ್ತರ ಸಾಲದು, ಗೇರ್ ಇರುವ ಕಾರು ಓಡಿಸೋಕೆ ಬರಲ್ಲ ಅಂತ ಲಂಡನ್ ಪತ್ರಿಕೆಗಳು ಆಡಿಕೊಂಡವು. ಸಿನಿಮಾ ಬಹಿಷ್ಕರಿಸಿ ಅಂತ ಅಭಿಮಾನಿಗಳು ವೆಬ್‌ಸೈಟ್ ತೆರೆದರು. ಮರುವರ್ಷ ಸಿನಿಮಾ ಬಂತು. ಅದೇ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾದಲ್ಲಿ ಅತ್ಯುತ್ತಮ ನಟ ಪ್ರಶಸ್ತಿಗೆ ಕ್ರೇಗ್ ನಾಮನಿರ್ದೇಶನ ಆಯಿತು. 2012ರ ಸಿನಿಮಾದ ಗಳಿಕೆ ನೂರು ಕೋಟಿ ಡಾಲರ್ ದಾಟಿತು. ಆವತ್ತು ಬಹಿಷ್ಕಾರ ಹಾಕಿದವರಲ್ಲಿ ಎಷ್ಟು ಜನ ಈಗ "ಕ್ರೇಗ್ ಥರ ಇನ್ನೊಬ್ಬ ಬರಲ್ಲ" ಅಂತ ಕೂತಿದ್ದಾರೋ!

"ರೋಜರ್ ಮೂರ್, ಪಿಯರ್ಸ್ ಬ್ರಾಸ್ನನ್ ಇಬ್ಬರೂ ಮೊದಲೇ ಟೀವಿ ಸ್ಟಾರ್ ಆಗಿದ್ದರಲ್ಲ?" ತಮ್ಮ ಬಿಡಲಿಲ್ಲ. ಹೌದು. ಬ್ರಾಸ್ನನ್‌ಗೆ ಆ ಟೀವಿಯೇ ಅಡ್ಡ ಬಂತು. 1986ರಲ್ಲಿ ಆತ ಬಾಂಡ್ ಆಗುತ್ತಾನೆ ಅಂತ ಸುದ್ದಿ ಹಬ್ಬಿತು, ನಿಂತುಹೋಗಲಿದ್ದ ಅವನ ಧಾರಾವಾಹಿಗೆ ಮತ್ತೆ ಬೇಡಿಕೆ ಬಂತು. ಚಾನೆಲ್‌ನವರು ಒಪ್ಪಂದ ಹಿಡಿದು ಎಳೆದುಕೊಂಡರು. ಪಾತ್ರ ಟಿಮೊಥಿ ಡಾಲ್ಟನ್ ಪಾಲಾಯಿತು. ಬ್ರಾಸ್ನನ್ 1995ರ ತನಕ ಕಾಯಬೇಕಾಯಿತು. ಇಬ್ಬರೂ ಚೆನ್ನಾಗಿಯೇ ಮಾಡಿದರು, ಇಲ್ಲ ಅನ್ನಲ್ಲ. ಆದರೆ ಇಬ್ಬರಿಂದಲೂ ಬಾಂಡ್ ಬದಲಾಗಲಿಲ್ಲ.

ತಂಗಿಯ ಮಗಳ ತಲೆನೋವು ಇನ್ನೊಂದು. 2021ರ ಸಿನಿಮಾದ ಕೊನೆಗೆ ಬಾಂಡ್ ಸತ್ತೇಹೋದ. ಕ್ಷಿಪಣಿ ಬಿದ್ದು ಸತ್ತ, ಸಂಶಯಕ್ಕೆ ಜಾಗವೇ ಇಲ್ಲ. ಹಾಗಾದರೆ ಹೊಸಬ ಹೇಗೆ ಬರುತ್ತಾನೆ? ಅವಳ ಗೆಳತಿಯರ ಗುಂಪಿನಲ್ಲಿ ಒಂದು ಸಿದ್ಧಾಂತ ಇದೆ. ಜೇಮ್ಸ್ ಬಾಂಡ್ ಅನ್ನೋದು ಒಬ್ಬನ ಹೆಸರೇ ಅಲ್ಲ, ಬೇಹುಗಾರರಿಗೆ ಇಲಾಖೆ ಕೊಡುವ ಗುಟ್ಟಿನ ಹೆಸರು. ಒಬ್ಬ ಹೋದರೆ ಇನ್ನೊಬ್ಬನಿಗೆ ಅದೇ ಹೆಸರು. ಹಳೇ ಸಿದ್ಧಾಂತ ಇದು, ಕೇಳೋಕೆ ಚಂದ.

ಆದರೆ ನಿಲ್ಲಲ್ಲ. 1969ರಲ್ಲಿ ಜಾರ್ಜ್ ಲಾಜೆನ್‌ಬಿ ಬಾಂಡ್ ಆಗಿದ್ದಾಗ ಟ್ರೇಸಿ ಅನ್ನುವವಳನ್ನು ಮದುವೆಯಾದ. ಮದುವೆಯ ದಿನವೇ ಅವಳನ್ನು ಗುಂಡಿಕ್ಕಿ ಕೊಂದರು. ಲಾಜೆನ್‌ಬಿ ಮಾಡಿದ್ದು ಅದೊಂದೇ ಸಿನಿಮಾ. 1981ರಲ್ಲಿ ಅವಳ ಸಮಾಧಿಗೆ ಹೂವು ತಂದಿಟ್ಟವನು ರೋಜರ್ ಮೂರ್. ಮುಖ ಬೇರೆ, ಹೆಂಡತಿ ಅವಳೇ. 2012ರ ಸಿನಿಮಾದಲ್ಲಿ ಸ್ಕಾಟ್ಲೆಂಡಿನ ಹಳೇ ಮನೆಯ ಹತ್ತಿರ ಅಪ್ಪ ಅಮ್ಮನ ಗೋರಿ ಇದೆ. ಕಲ್ಲಿನ ಮೇಲೆ ಬಾಂಡ್ ಅಂತಲೇ ಕೆತ್ತಿದ್ದಾರೆ. ಇಲಾಖೆ ಕೊಟ್ಟ ಹೆಸರು ಅಪ್ಪನ ಗೋರಿಯ ಮೇಲೆ ಯಾಕೆ ಬರುತ್ತೆ? ಗುಟ್ಟಿನ ಹೆಸರಲ್ಲ, ಕೈ ಬದಲಾಗೋದು 007 ನಂಬರು ಮಾತ್ರ. ಕೊನೆಯ ಸಿನಿಮಾದಲ್ಲಿ ಅದು ಲಶಾನಾ ಲಿಂಚ್ ಮಾಡಿದ ಪಾತ್ರದ ಹತ್ತಿರ ಇತ್ತು, ನೆನಪಿದೆಯಲ್ಲ. ಆಗಲೂ ಬಾಂಡ್ ಬಾಂಡೇ ಆಗಿದ್ದ.

ಅಷ್ಟು ಹೊತ್ತು ಸುಮ್ಮನಿದ್ದ ಚಿಕ್ಕಪ್ಪ ಆಗ ಬಾಯಿ ಬಿಟ್ಟರು. "ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನಿದೆ ಮಾರಾಯ್ತಿ? ಯಕ್ಷಗಾನದಲ್ಲಿ ಕೀಚಕನನ್ನ ಭೀಮ ರಾತ್ರಿ ಕೊಲ್ತಾನೆ. ಮರುದಿನ ಇನ್ನೊಂದೂರಲ್ಲಿ ಆಟ. ಕೀಚಕ ಮತ್ತೆ ಮೀಸೆ ತಿರುವುತ್ತಾ ರಂಗಕ್ಕೆ ಬರ್ತಾನೆ. ನಿನ್ನೆ ಸತ್ತಿದ್ದೆಯಲ್ಲ ಅಂತ ಯಾರಾದರೂ ಕೇಳಿದ್ದಾರಾ?"

ಇದಕ್ಕೆ ನಮ್ಮ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಚಿಕ್ಕಪ್ಪ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ನೋಡಿ ಬೆಳೆದವರು. ಈಗಲೂ ಯಾರ ಕೀಚಕ ನೋಡಿದರೂ ಚಿಟ್ಟಾಣಿಯವರ ಹೆಜ್ಜೆಗೆ ಹೋಲಿಸಿ ಗೊಣಗುತ್ತಾರೆ. ಗೊಣಗಿಕೊಂಡೇ ಬೆಳಗಿನ ಜಾವದವರೆಗೆ ಕೂತು ನೋಡುತ್ತಾರೆ. ಬಾಂಡ್ ಅಭಿಮಾನಿಗಳು ಮಾಡೋದೂ ಅದನ್ನೇ ಅಲ್ವಾ? ವೇಷ ಒಂದು, ಕಟ್ಟುವವರು ಹತ್ತಾರು. ಆಡಿಷನ್ನಿಗೂ ಬಹಳ ವರ್ಷ ಒಂದೇ ದೃಶ್ಯ ಇಟ್ಟಿದ್ದರು. 1963ರ ಸಿನಿಮಾದಲ್ಲಿ ಬಾಂಡ್ ತನ್ನ ಹೋಟೆಲ್ ಕೋಣೆಗೆ ಬಂದಾಗ ರಷ್ಯಾದ ಹುಡುಗಿ ಹಾಸಿಗೆಯಲ್ಲಿ ಕಾಯುತ್ತಿರುತ್ತಾಳಲ್ಲ, ಅದು. ಬಂದವರೆಲ್ಲ ಅದನ್ನೇ ಮಾಡಿ ತೋರಿಸಬೇಕು.

ಕನ್ನಡದಲ್ಲಿ ಈ ಜಗಳ ಹುಟ್ಟಲೇ ಇಲ್ಲ. ನಮಗೂ ಒಬ್ಬ ಬಾಂಡ್ ಇದ್ದ. 1968ರ 'ಜೇಡರ ಬಲೆ'ಯಲ್ಲಿ ದೊರೈ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತು. ಅದೇ ವರ್ಷ 999 ಗೋವಾಕ್ಕೆ ಹೋದ. ಮರುವರ್ಷ ಇನ್ನೊಂದು ಬಂತು. 1978ರಲ್ಲಿ ವಜ್ರದ ಕಳ್ಳಸಾಗಣೆಯ ಬೆನ್ನು ಹತ್ತಿದ. ಅಲ್ಲಿಗೆ ಮುಗಿಯಿತು. ಮುಂದಿನ 999 ಯಾರು ಅಂತ ಯಾರಾದರೂ ಜಗಳ ಆಡಿದ್ದನ್ನು ನಾನು ಕೇಳಿಲ್ಲ. ಜನ ನೋಡೋಕೆ ಹೋಗಿದ್ದು 999 ಅನ್ನಲ್ಲ, ಅಣ್ಣಾವ್ರನ್ನ. ಬೇಡರ ಕಣ್ಣಪ್ಪ ಸೂಟು ಹಾಕಿ ಪಿಸ್ತೂಲು ಹಿಡಿದರೆ ಹೇಗಿರುತ್ತಾನೆ ಅನ್ನೋ ಕುತೂಹಲ. ಅವರಿಲ್ಲದೆ ಆ ನಂಬರಿಗೆ ಬೆಲೆ ಇಲ್ಲ.

ಕ್ಯಾವಿಲ್ ಬಂದರೆ ಬಾಂಡ್‌ಗೂ ಇದೇ ಆಗುತ್ತದೆ ಅನ್ನೋದು ನನ್ನ ಭಯ. ಸೂಪರ್‌ಮ್ಯಾನ್ ಸೂಟು ಹಾಕಿದ್ದಾನೆ ಅಂತ ನೋಡೋಕೆ ಹೋಗುತ್ತೇವೆ. ಟಾಮ್ ಹಾಲಂಡ್ ಬಂದರೂ ಅಷ್ಟೇ, ಅವನು ಸ್ಪೈಡರ್‌ಮ್ಯಾನ್. ಸುದ್ದಿಯಲ್ಲಿರುವ ಮೂವರಲ್ಲಿ ಡಿಕಿನ್ಸನ್ ಒಬ್ಬನೇ ಪರವಾಗಿಲ್ಲ, ಬೀದಿಯಲ್ಲಿ ಎದುರಿಗೆ ಬಂದರೂ ನನ್ನ ತಮ್ಮ ಅವನ ಗುರುತು ಹಿಡಿಯಲ್ಲ. ಎಲೋರ್ಡಿಗೆ ಆಸ್ಟ್ರೇಲಿಯಾದವನು ಅನ್ನುವ ತಕರಾರು ಇದೆ, ಅದು ಸುಮ್ನೆ. ಲಾಜೆನ್‌ಬಿ ಕೂಡ ಅಲ್ಲಿಯವನೇ. ಎಲ್ಬಾ ಆಗಬೇಕಿತ್ತು, ಹತ್ತು ವರ್ಷದ ಹಿಂದೆ. ಆಗ ಕಪ್ಪು ಮೈಬಣ್ಣದ ಬಾಂಡ್ ಆಗಬಹುದಾ ಅನ್ನೋ ಜಗಳದಲ್ಲೇ ಕಾಲ ಕಳೆದರು, ಈಗ 52.

ಚಹಾ ಮುಗಿದ ಮೇಲೆ ಪಂದ್ಯ ಕಟ್ಟಿದ್ದೇವೆ. ಕ್ಯಾವಿಲ್ ಆದರೆ ಎಲ್ಲರಿಗೂ ಐಮ್ಯಾಕ್ಸ್ ಟಿಕೆಟ್ ನನ್ನ ಖರ್ಚು. ಡಿಕಿನ್ಸನ್ ಆದರೆ ತಮ್ಮನ ಖರ್ಚು. ಹೆಸರು ಹೇಳಿದ ದಿನ ತಮ್ಮ "ಯಾರೇ ಇವನು?" ಅಂತ ಕೇಳಿದರೂ ಅವನದೇ ಖರ್ಚು, ಪಾಪ್‌ಕಾರ್ನ್ ಸಮೇತ. ಚಿಕ್ಕಪ್ಪ ಪಂದ್ಯಕ್ಕೆ ಸೇರಲಿಲ್ಲ. ಯಾರು ಸೋತರೂ ತನಗೆ ಟಿಕೆಟ್ ಬಿಟ್ಟಿ ಅನ್ನೋದನ್ನು ಮಾತ್ರ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.