ಆಲೆಮನೆ ಆಟ, ಮೂರನೇ ವಾರ: ಒಂದು ಗಾಡಿಗೆ ಹಾಕಿದ ಕಬ್ಬು ಎಲ್ಲ ಗಾಡಿಗೂ

ಶನಿವಾರ

ಮಂಡ್ಯದವನಾಗಿ ಕಬ್ಬಿನ ಮೇಲೆ ಒಂದು ಗೇಮ್ ಮಾಡದಿದ್ದರೆ ಹೇಗೆ ಅಂತ ಶುರುವಾದ ಕೆಲಸ ಇದು. ಗಾಡಿಯಲ್ಲಿ ಕಬ್ಬು ಬರಬೇಕು, ಗಾಣಕ್ಕೆ ಹೋಗಬೇಕು, ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಅಚ್ಚು ಬೆಲ್ಲ ಆಗಬೇಕು. ಒಂದು ಟನ್ ಕಬ್ಬಿಗೆ ಸುಮಾರು 100 ಕೆಜಿ ಬೆಲ್ಲ ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಬರೆಯುತ್ತಿರುವುದು ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಚಿತ್ರ ಬಿಡಿಸಲು ಲವ್ ಫ್ರೇಮ್‌ವರ್ಕ್ (ಲುವಾದಲ್ಲಿ ಗೇಮ್ ಮಾಡಲು ಇರುವ ಸಿದ್ಧ ಕೋಡ್).

ಕಾಲೇಜಿನಲ್ಲಿ ಜಾವಾ ಕಲಿತವನು ನಾನು. ಗಾಡಿಗೊಂದು ಕ್ಲಾಸ್, ಅಂದರೆ ಒಂದೇ ತರದ ವಸ್ತುಗಳನ್ನು ಮಾಡುವ ಅಚ್ಚು, ಬರೆಯೋಣ ಅಂತ ಕೂತರೆ ಲುವಾದಲ್ಲಿ ಕ್ಲಾಸ್ ಅನ್ನುವ ಪದವೇ ಇಲ್ಲ! 1993ರಲ್ಲಿ ಬ್ರೆಜಿಲ್‌ನಲ್ಲಿ ಇದನ್ನು ಕಟ್ಟಿದವರು ಒಂದು ಟೇಬಲ್ (ಹೆಸರು ಹಚ್ಚಿ ಏನು ಬೇಕಾದರೂ ಇಡುವ ಡಬ್ಬಿ) ಕೊಟ್ಟು, ಉಳಿದದ್ದು ನೀವೇ ಮಾಡಿಕೊಳ್ಳಿ ಅಂದುಬಿಟ್ಟಿದ್ದಾರೆ.

ಮಾಡಿಕೊಳ್ಳುವುದು ಹೀಗೆ. 'ಗಾಡಿ' ಅಂತ ಒಂದು ಟೇಬಲ್. ತುಂಬು, ಓಡು, ಇಳಿಸು ಎಂಬ ಫಂಕ್ಷನ್‌ಗಳೆಲ್ಲ ಅದರೊಳಗೆ. ಹೊಸ ಗಾಡಿ ಬೇಕಾದಾಗ ಒಂದು ಖಾಲಿ ಟೇಬಲ್ ಮಾಡಿ, ಸೆಟ್‌ಮೆಟಾಟೇಬಲ್ ಎಂಬ ಫಂಕ್ಷನ್ ಕರೆದು 'ಗಾಡಿ'ಗೆ ಗಂಟು ಹಾಕುವುದು. ಹಾಗೆ ಗಂಟು ಬಿದ್ದ 'ಗಾಡಿ'ಯೇ ಅದರ ಮೆಟಾಟೇಬಲ್. 'ಗಾಡಿ'ಯ ಅಂಡರ್‌ಸ್ಕೋರ್ ಅಂಡರ್‌ಸ್ಕೋರ್ ಇಂಡೆಕ್ಸ್‌ನಲ್ಲಿ (ಸಿಗದ್ದನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ಜಾಗ) ಅದೇ 'ಗಾಡಿ'ಯನ್ನು ಇಡುವುದು. ಅಷ್ಟೇ. ಹೊಸ ಗಾಡಿಯ ಹತ್ತಿರ 'ತುಂಬು' ಇದೆಯಾ ಅಂತ ಲುವಾ ನೋಡುತ್ತದೆ. ಇಲ್ಲದಿದ್ದರೆ 'ದೊಡ್ಡಪ್ಪನ ಮನೆಯಲ್ಲಿ ಕೇಳು' ಅಂತ, ಅಂದರೆ 'ಗಾಡಿ' ಟೇಬಲ್‌ಗೆ, ಇಂಡೆಕ್ಸ್ ದಾರಿ ತೋರಿಸುತ್ತದೆ.

ಭಾನುವಾರ ಬೆಳಿಗ್ಗೆ

ಮೊದಲ ಎಡವಟ್ಟು. ಗಾಡಿಗೆ 5 ಜಲ್ಲೆ ತುಂಬು ಅಂದರೆ, ಸೆಲ್ಫ್ (ಫಂಕ್ಷನ್ ಒಳಗೆ ಆ ಗಾಡಿಯ ಹೆಸರು) ಒಂದು ನಂಬರ್, ಅದರೊಳಗೆ ಹುಡುಕಲಾಗದು ಅಂತ ಎರರ್. ಅರ್ಧ ಗಂಟೆ ಪರದಾಡಿದೆ. ಫಂಕ್ಷನ್ ಕರೆಯುವಾಗ ಕೋಲನ್ (:) ಹಾಕುವ ಕಡೆ ಡಾಟ್ (.) ಹಾಕಿದ್ದೆ. ಕೋಲನ್ ಹಾಕಿದರೆ ಗಾಡಿಯೇ ಮೊದಲ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮಾಹಿತಿ) ಆಗಿ ಸುಮ್ನೆ ಒಳಗೆ ಹೋಗುತ್ತದೆ. ಡಾಟ್ ಹಾಕಿದರೆ ಹೋಗುವುದಿಲ್ಲ. ಅಲ್ಲಿಗೆ ನನ್ನ 5 ಜಲ್ಲೆಯೇ ಗಾಡಿ ಆಗಿ ಕೂತಿತ್ತು.

ಭಾನುವಾರ ರಾತ್ರಿ

ಇದು ನಿಜವಾಗಿ ತಲೆ ತಿಂದದ್ದು. ಮೂರು ಗಾಡಿ ನಿಲ್ಲಿಸಿ ಮೊದಲನೆಯದಕ್ಕೆ ಮಾತ್ರ ಕಬ್ಬು ಹಾಕಿದೆ. ಪರದೆಯ ಮೇಲೆ ಮೂರೂ ಗಾಡಿ ತುಂಬಿ ನಿಂತವು! ಆದರೆ ತೂಕ ನೋಡಿದರೆ ಮೊದಲನೆಯದಕ್ಕೆ ಮಾತ್ರ ಏರಿದೆ, ಉಳಿದೆರಡು ಸೊನ್ನೆ. ಎರಡೂ ತಪ್ಪಾಗಿದ್ದರೆ ಬೇಗ ಹಿಡಿಯುತ್ತಿದ್ದೆ. ಒಂದು ಸರಿ ಇದ್ದದ್ದಕ್ಕೇ ಜಾಸ್ತಿ ದಾರಿ ತಪ್ಪಿದೆ. ಚಿತ್ರ ಬಿಡಿಸುವ ಕೋಡನ್ನೇ ಎರಡು ಸಲ ಅಳಿಸಿ ಬರೆದೆ.

ಕಾರಣ ಇಷ್ಟೇ. ತೂಕ ಮತ್ತು ಜಲ್ಲೆಗಳ ಪಟ್ಟಿ, ಎರಡನ್ನೂ 'ಗಾಡಿ' ಟೇಬಲ್‌ನಲ್ಲೇ ಇಟ್ಟಿದ್ದೆ. ತೂಕ ಬರೀ ನಂಬರ್. ಓದುವಾಗ ದೊಡ್ಡಪ್ಪನ ಮನೆಯಿಂದ ಬಂದರೂ, ಕೂಡಿಸಿ ವಾಪಸ್ ಬರೆಯುವಾಗ ಆ ಗಾಡಿಯಲ್ಲೇ ಬರೆದುಕೊಳ್ಳುತ್ತದೆ. ಇಂಡೆಕ್ಸ್ ಕೆಲಸ ಮಾಡುವುದು ಓದುವಾಗ ಮಾತ್ರ ಅಲ್ವಾ. ಪಟ್ಟಿ ಹಾಗಲ್ಲ. ಅದನ್ನು ನಾನು ಹೊಸದಾಗಿ ಬರೆಯುತ್ತಲೇ ಇರಲಿಲ್ಲ, ಇದ್ದದ್ದಕ್ಕೆ ಜಲ್ಲೆ ಸೇರಿಸುತ್ತಿದ್ದೆ. ಇದ್ದದ್ದು ಒಂದೇ ಪಟ್ಟಿ, ಅದೂ ದೊಡ್ಡಪ್ಪನ ಮನೆಯದು. ಮೂರೂ ಗಾಡಿ ಅದನ್ನೇ ತಂದು ತೋರಿಸುತ್ತಿದ್ದವು.

ಖಾಲಿ ಪಟ್ಟಿ ಮಾಡುವ ಸಾಲನ್ನು ಹೊಸ ಗಾಡಿ ಮಾಡುವ 'ಹೊಸದು' ಫಂಕ್ಷನ್ ಒಳಗೆ ಎಳೆದು ತಂದೆ. ಒಂದೇ ಸಾಲು. ಸರಿಹೋಯಿತು. ಗಂಟೆ ಒಂದೂವರೆ ಆಗಿತ್ತು.

ಬುಧವಾರ

'ಟ್ರಾಕ್ಟರ್' ಬಂತು. ಗಾಡಿಯದ್ದೆಲ್ಲ ಅದಕ್ಕೂ ಬೇಕು, ಜೊತೆಗೆ ಡೀಸೆಲ್. 'ಟ್ರಾಕ್ಟರ್' ಟೇಬಲ್‌ನ ಮೆಟಾಟೇಬಲ್‌ನಲ್ಲಿ ಇಂಡೆಕ್ಸ್ 'ಗಾಡಿ' ಕಡೆಗೆ. ಅಪ್ಪ 'ಗಾಡಿ'ಗೆ ಇಂಡೆಕ್ಸ್ ಇದೆ, ಮಗ 'ಟ್ರಾಕ್ಟರ್'ಗೂ ಬರುತ್ತದೆ ಅಂದುಕೊಂಡು ಟ್ರಾಕ್ಟರ್‌ಗೆ ಬೇರೆ ಇಡಲಿಲ್ಲ. ಬರುವುದಿಲ್ಲ. ಅದನ್ನು ಲುವಾ ಮೆಟಾಟೇಬಲ್‌ನಲ್ಲಿ ನೇರವಾಗಿ ಹುಡುಕುತ್ತದೆ, ಮೇಲಿನವರನ್ನು ಕೇಳುವುದಿಲ್ಲ. ಈ ಸಲ ಹತ್ತೇ ನಿಮಿಷದಲ್ಲಿ ಹಿಡಿದೆ.

ಮುಂದಿನದು ಕೊಪ್ಪರಿಗೆ. ಕುದಿಯುವ ಹಾಲಿನ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುವುದನ್ನೂ ಆಟದಲ್ಲಿ ತರಬೇಕು ಅಂತ ನಮ್ಮ ಮಾವ ಪಟ್ಟು ಹಿಡಿದಿದ್ದಾರೆ. ಬೆಂಡೆಗೂ ಒಂದು ಟೇಬಲ್ ಬೇಕಾಗುತ್ತದೆ.