ಉಗುರು ಕಚ್ಚೋದು ಬಿಡುವ ಪ್ರಾಜೆಕ್ಟ್: 40 ದಿನದ ಲೆಕ್ಕ

ಇದು ಶುರುವಾಗಿದ್ದು ಮಗಳ ದೆಸೆಯಿಂದ. ಅವಳಿಗೆ ಒಂಬತ್ತು ವರ್ಷ. ಹೋಮ್‌ವರ್ಕ್ ಮಾಡ್ತಾ ಹೆಬ್ಬೆರಳು ಕಚ್ಚುತ್ತಿದ್ದಳು. "ಬಾಯಿಂದ ಕೈ ತೆಗಿ" ಅಂದೆ. "ಮೊದ್ಲು ನೀನು ತೆಗಿ ಅಪ್ಪ" ಅಂದಳು. ನೋಡಿಕೊಂಡರೆ ನನ್ನ ಕೈಯೂ ಬಾಯಲ್ಲೇ ಇತ್ತು.

ನನಗೀಗ 41. ಒಂದನೇ ಕ್ಲಾಸಿನಿಂದ ಕಚ್ಚುತ್ತಿದ್ದೇನೆ. ಅಮ್ಮ ಬೇವಿನೆಣ್ಣೆ ಹಚ್ಚಿದರು, ಹಾಗಲಕಾಯಿ ರಸ ಹಚ್ಚಿದರು. ಕಹಿ ಅಭ್ಯಾಸವಾಯಿತೇ ಹೊರತು ಕಚ್ಚೋದು ನಿಲ್ಲಲಿಲ್ಲ. "ಮನೆಗೆ ದರಿದ್ರ ಕಣೋ" ಅಂತ ಬೈದೂ ಬೈದೂ ಅಜ್ಜಿಗೇ ಸಾಕಾಯಿತು.

ಈ ಸಲ ಶಪಥ ಗಿಪಥ ಮಾಡಿಲ್ಲ. ಮೊದಲು ಬರೀ ಎಣಿಸೋಣ ಅಂತ.

1ರಿಂದ 7ನೇ ದಿನ

ಎಣಿಸೋಕೆ ದೇವಸ್ಥಾನದ ಮುಂದೆ ಮಾರುವ ಜಪದ ಕೌಂಟರ್ ತಂದೆ. ಉಂಗುರದ ಹಾಗೆ ಬೆರಳಿಗೆ ಸಿಕ್ಕಿಸಿಕೊಳ್ಳುವಂಥದ್ದು, ಐವತ್ತು ರೂಪಾಯಿ. ಕೈ ಬಾಯಿಗೆ ಹೋದಾಗಲೆಲ್ಲ ಒಂದು ಸಲ ಒತ್ತಬೇಕು. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕೂ ಇತ್ತು. ಎಷ್ಟು ಗಂಟೆ, ಎಲ್ಲಿದ್ದೆ, ಏನು ಮಾಡ್ತಿದ್ದೆ, ಯಾವ ಬೆರಳು, ಎಲ್ಲ ಅದರಲ್ಲಿ. ಪಕ್ಕದ ಮನೆ ಆಂಟಿ ಕೌಂಟರ್ ನೋಡಿ "ಯಾವ ಜಪ ಹಿಡಿದಿದ್ದೀರಿ?" ಅಂದರು. ನಕ್ಕು ಸುಮ್ಮನಾದೆ.

ಲೆಕ್ಕ: 38, 41, ಆಮೇಲೆ 29, 26, 22, 19. ಮೂರನೇ ದಿನದ್ದು ಇಲ್ಲ. ಪಾತ್ರೆ ತೊಳೆಯುವಾಗ ರೀಸೆಟ್ ಗುಂಡಿ ಒತ್ತಿಹೋಯಿತು.

ವಾರಕ್ಕೇ ಅರ್ಧ ಇಳಿಯಿತಲ್ಲ ಅಂತ ಹೆಂಡತಿ ಮುಂದೆ ಜಂಬ ಕೊಚ್ಚಿಕೊಂಡೆ. ಅವಳೇನೂ ಹೇಳಲಿಲ್ಲ. ಏಳನೇ ದಿನ ಭಾನುವಾರ, ಟಿವಿಯಲ್ಲಿ ಕ್ರಿಕೆಟ್. ಒಂದು ಗಂಟೆ ನನ್ನನ್ನೇ ನೋಡುತ್ತಾ ಪೇಪರಿನ ಅಂಚಿನಲ್ಲಿ ಗೀಟು ಹಾಕಿದ್ದಾಳೆ. ನನ್ನ ಕೌಂಟರ್‌ನಲ್ಲಿ 9. ಅವಳ ಗೀಟು 16.

ಅಂದರೆ ಏಳು ಸಲ ಕಚ್ಚಿದ್ದು ನನಗೇ ಗೊತ್ತಾಗಿಲ್ಲ! ನಮ್ಮನ್ನು ನಾವೇ ಗಮನಿಸಿಕೊಳ್ಳೋಕೆ ಶುರು ಮಾಡಿದರೆ ಚಟ ತಾನಾಗೇ ಸ್ವಲ್ಪ ಇಳಿಯುತ್ತದೆ, ಇದು ಮನಃಶಾಸ್ತ್ರದವರಿಗೆ ಹಳೇ ವಿಷಯ. ಆದರೆ ನನ್ನ 19ರಲ್ಲಿ ನಿಜವಾಗಿ ಇಳಿದದ್ದೆಷ್ಟು, ಕಣ್ತಪ್ಪಿದ್ದೆಷ್ಟು? ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದೆ: ಇದು ಕಚ್ಚಿದ ಲೆಕ್ಕ ಅಲ್ಲ, ಸಿಕ್ಕಿಬಿದ್ದ ಲೆಕ್ಕ.

8ರಿಂದ 20

ನಾನು ಟೆನ್ಷನ್ ಆದಾಗ ಕಚ್ಚುತ್ತೇನೆ ಅಂತ ಇಷ್ಟು ವರ್ಷ ನಂಬಿದ್ದೆ. ಕೇಳಿದವರಿಗೆಲ್ಲ ಅದನ್ನೇ ಹೇಳಿದ್ದೆ. ನನ್ನದು ಅಕೌಂಟ್ಸ್ ಕೆಲಸ. ತಿಂಗಳ 20ನೇ ತಾರೀಕು ಬಂತೆಂದರೆ ಜಿಎಸ್‌ಟಿ ರಿಟರ್ನ್ ಗಡಿಬಿಡಿ, ಅವತ್ತು ಉಗುರೇ ಉಳಿಯಲ್ಲ ಅಂದುಕೊಂಡಿದ್ದೆ. ಅವತ್ತು ಸಂಜೆ ಏಳರವರೆಗೆ ಬಂದದ್ದು ಬರೀ 6. ಎರಡೂ ಕೈ ಕೀಬೋರ್ಡ್ ಮೇಲಿದ್ದವು, ಅಷ್ಟೇ.

ಜಾಸ್ತಿ ಎಲ್ಲಿ ಅಂತ ಪುಟ ತಿರುವಿದೆ. ಓಟಿಪಿ ಬರಲಿ ಅಂತ ಕೂತಾಗ. ಫೈಲ್ ಅಪ್‌ಲೋಡ್ ಆಗುವಾಗ. ಫೋನಿನಲ್ಲಿ "ಲೈನಿನಲ್ಲೇ ಇರಿ" ಅಂದಾಗ. ಬೌಲರ್ ರನ್ ಅಪ್‌ಗೆ ವಾಪಸ್ ನಡೆಯುವಾಗ. ಎಲ್ಲಾ ಕಡೆ ನಾನು ಕಾಯುತ್ತಾ ಇದ್ದೆ. ಟೆನ್ಷನ್ ಪಾರ್ಟಿ ಅಂದುಕೊಂಡಿದ್ದವನು ಕಾಯೋಕೆ ಬರದ ಪಾರ್ಟಿ ಅಂತ ಗೊತ್ತಾಗಿದ್ದು 41ನೇ ವಯಸ್ಸಿನಲ್ಲಿ. ಹೆಂಡತಿಗೆ ಇದೇನೂ ಹೊಸ ಸುದ್ದಿ ಅಲ್ಲವಂತೆ.

ಇನ್ನೊಂದು ಸಿಕ್ಕಿತು. ಕಚ್ಚೋಕೆ ಮುಂಚೆ ಹೆಬ್ಬೆರಳಿನ ತುದಿ ತೋರುಬೆರಳ ಉಗುರಿನ ಅಂಚನ್ನು ಸವರುತ್ತದೆ. ಎಲ್ಲೋ ಒಂದು ತರಿ ಸಿಗುತ್ತದೆ. ಅದನ್ನು ನಯ ಮಾಡೋಕೆ ಅಂತ ಹಲ್ಲಿಗೆ ಕೊಡುತ್ತೇನೆ. ಹಲ್ಲು ಇನ್ನೊಂದು ತರಿ ಮಾಡುತ್ತದೆ. ಮತ್ತೆ ಸವರು, ಮತ್ತೆ ಕಚ್ಚು. ಒಂದೇ ಉಗುರಿಗೆ ಆರು ಸಲ ಸುತ್ತಿದ್ದು ಒಂದು ಸಂಜೆ ಎಣಿಸಿದೆ.

21ರಿಂದ 37

21 ದಿನ ತಡೆದರೆ ಚಟ ಬಿಡುತ್ತದೆ ಅಂತ ಗೆಳೆಯ ಹೇಳಿದ್ದ. ಆ ಅಂಕಿಯ ಮೂಲ ತಮಾಷೆಯಾಗಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಸರ್ಜರಿ ಆದವರಿಗೆ ಹೊಸ ಮುಖ ಒಗ್ಗೋಕೆ ಕಡಿಮೆ ಅಂದರೂ 21 ದಿನ ಬೇಕು ಅಂತ 1960ರಲ್ಲಿ ಬರೆದರು. ಆ "ಕಡಿಮೆ ಅಂದರೂ" ಹೇಗೋ ಬಿದ್ದುಹೋಯಿತು. ಲಂಡನ್ನಿನ ಸಂಶೋಧಕರು 96 ಜನರನ್ನಿಟ್ಟುಕೊಂಡು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ, 18ರಿಂದ 254ರವರೆಗೆ. ಅದೂ ಹೊಸ ಅಭ್ಯಾಸ ಹತ್ತಿಸಿಕೊಳ್ಳೋಕೆ, ಹಳೇದು ಬಿಡೋಕಲ್ಲ. ನನಗೆ 22ನೇ ದಿನ ಕರೆಂಟ್ ಹೋಗಿ ಕೌಂಟರ್‌ನಲ್ಲಿ 24 ಬಂತು.

ಕೈ ಹಿಡಿದದ್ದು ಅಜ್ರಿನ್ ಮತ್ತು ನನ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 1973ರಲ್ಲಿ ಬರೆದ ವಿಧಾನ. ಚಟಕ್ಕೆ ಮುಂಚಿನ ಚಲನೆಯಲ್ಲೇ ಕೈಯನ್ನು ಹಿಡಿಯಬೇಕು, ಚಟ ಮಾಡೋಕೆ ಆಗದ ಹಾಗೆ ಇನ್ನೊಂದು ಕೆಲಸ ಕೊಡಬೇಕು. ಹೆಬ್ಬೆರಳು ಸವರೋಕೆ ಶುರುವಾದ ಕೂಡಲೇ ಮುಷ್ಟಿ ಕಟ್ಟಿ ಮೂರು ನಿಮಿಷ. ಮಾಡಿ ನೋಡಿ, ಮೂರು ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಮೀಟಿಂಗ್‌ನಲ್ಲಿ ಟೇಬಲ್ ಕೆಳಗೆ ಮುಷ್ಟಿ ಬಿಗಿದು ಕೂತಿದ್ದೇನೆ, ಸಿಗ್ನಲ್‌ನಲ್ಲಿ ಆಗಲಿಲ್ಲ, ಕ್ಲಚ್ ಹಿಡಿಯಬೇಕಲ್ಲ.

ನನಗೆ ಮುಷ್ಟಿಗಿಂತ ಚೆನ್ನಾಗಿ ಹೊಂದಿದ್ದು ನೇಲ್ ಕಟರ್ ಒಳಗಿನ ಅರ. ತರಿ ಸಿಕ್ಕಿತಾ, ಜೇಬಿನಿಂದ ತೆಗೆದು ಎರಡು ಸಲ ಉಜ್ಜು. ತರಿಯೇ ಇಲ್ಲದಿದ್ದರೆ ಹಲ್ಲಿಗೆ ಕೆಲಸ ಇಲ್ಲ.

31ನೇ ದಿನ ಕೆಟ್ಟದ್ದು. ಮಗಳಿಗೆ ಜ್ವರ, ಕ್ಲಿನಿಕ್‌ನಲ್ಲಿ ಟೋಕನ್ ಹಿಡಿದು ಎರಡು ಗಂಟೆ. ಅರ ಇನ್ನೊಂದು ಪ್ಯಾಂಟಿನಲ್ಲಿತ್ತು. ಎಡಗೈಯ ಎರಡು ಉಗುರು ರಕ್ತ ಬರೋವರೆಗೆ ಹೋದವು.

38ರಿಂದ 40

ದಿನಕ್ಕೆ 8ರಿಂದ 11. ಹೆಂಡತಿ ಮತ್ತೆ ಒಂದು ಗಂಟೆ ಗೀಟು ಹಾಕಿದಳು. ನನ್ನದು 4, ಅವಳದು 5. ಈ ಒಂದರ ವ್ಯತ್ಯಾಸ ನೋಡಿ ಆದ ಖುಷಿ ಆ 8 ನೋಡಿ ಆಗಿಲ್ಲ.

ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಏಳು ಬೆರಳಲ್ಲಿ ಬಿಳಿ ಅಂಚು ಬಂದಿದೆ. ಇವತ್ತು ಸಂಜೆ ಜೀವಮಾನದಲ್ಲೇ ಮೊದಲ ಸಲ ಉಗುರು ಕತ್ತರಿಸೋಣ ಅಂತ ಜಗಲಿಯಲ್ಲಿ ಪೇಪರ್ ಹಾಸಿಕೊಂಡು ಕೂತೆ. ಅಮ್ಮ ಒಳಗಿಂದ ಕೂಗಿದರು: "ಏನೋ, ಶುಕ್ರವಾರ ದೀಪ ಹಚ್ಚೋ ಹೊತ್ತಲ್ಲಿ ಉಗುರು ತೆಗೀತಾರೇನೋ?"

ನಾಳೆ ಶನಿವಾರ, ನಾಳೆಯೂ ಕೂಡದಂತೆ. ಭಾನುವಾರದವರೆಗೆ ಕಾಯಬೇಕು. ಕೌಂಟರ್ ಬೆರಳಿಗೆ ಹಾಕಿಕೊಂಡಿದ್ದೇನೆ.